ಜೊಂಪು ಹಿಡಿದ ಫೋನು

ನನ್ನ ಬಲಗಾಲಿನ ಮೀನಖಂಡ ಇನ್ನೂ ನೋಯುತ್ತಿದೆ. ಹರಳೆಣ್ಣೆ ತಿಕ್ಕಿ ಬಿಸಿನೀರು ಹೊಯ್ದುಕೊಂಡರೂ ಹೊಸ್ತಿಲು ದಾಟುವಾಗ ಚುರುಕ್ಕೆನ್ನುತ್ತದೆ. ಅನ್ನಲಿ ಬಿಡಿ. ಮನಸ್ಸು ಇಷ್ಟು ಹಗುರವಾಗಿರುವಾಗ ಕಾಲು ಒಂದಿಷ್ಟು ಭಾರವಾದರೆ ನಷ್ಟವೇನಿಲ್ಲ. ಓಡಾಡಬಾರದು, ಕೂತಲ್ಲೇ ಕೂತಿರಬೇಕು ಎಂದು ಬೀದಿಯವರೆಲ್ಲ ತಾಕೀತು ಮಾಡಿದ್ದಾರೆ. ಕೂತಿದ್ದೇನೆ. ಸುಮ್ಮನೆ ಕೂರುವ ಬದಲು ನಡೆದದ್ದನ್ನು ಬರೆಯೋಣ ಎನ್ನಿಸಿತು.

ಸಿಂಗಾರಮ್ಮ ನನ್ನ ಓರಗಿತ್ತಿ. ಅಣ್ಣತಮ್ಮಂದಿರನ್ನು ಮದುವೆಯಾಗಿ ನಾವಿಬ್ಬರೂ ಒಂದೇ ಮನೆಗೆ ಬಂದೆವು. ಅವರಿಬ್ಬರೂ ಒಬ್ಬರ ಹಿಂದೊಬ್ಬರು ಹೊರಟುಹೋದರು, ನಮ್ಮಿಬ್ಬರ ಜಗಳ ಉಳಿಯಿತು. ಜಗಳ ಎಂದರೆ ಅವಳದೇ, ನಾನು ಹೂಂಗುಟ್ಟುವವಳು. ಬೀದಿಯ ಮೂಲೆಯಲ್ಲಿ ಗೋಣಿತಾಟು ಹಾಸಿಕೊಂಡು ಸೊಪ್ಪು ಮಾರುವುದು ಅವಳ ಕಸುಬು. ಅವಳ ಸೊಪ್ಪಿಗಿಂತ ಅವಳ ಮಾತಿಗೇ ಗಿರಾಕಿ ಹೆಚ್ಚು ಎಂದು ಜನ ಹೇಳುತ್ತಿದ್ದರು. ಕಟ್ಟು ಬಿಚ್ಚಿ ನೋಡಿದವರಿಗೆ ಒಂದು, ಚೌಕಾಸಿ ಮಾಡಿದವರಿಗೆ ಒಂದು, ಏನೂ ಅನ್ನದೆ ತೆಗೆದುಕೊಂಡು ಹೋದವರಿಗೂ ಬೆನ್ನ ಹಿಂದೆ ಒಂದು. ಹೋದ ವರ್ಷ ಅವಳ ಗಂಟಲಲ್ಲಿ ಗಂಟಾಯಿತು. ಜೀವ ಉಳಿಯಬೇಕಾದರೆ ಧ್ವನಿ ಬಿಡಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ಅಲ್ಲಿಯ ನರ್ಸಮ್ಮ ಒಂದು ಉಪಾಯ ಹೇಳಿಕೊಟ್ಟರು. ಬೇಕಾದ ಮಾತನ್ನೆಲ್ಲ ನಿಮ್ಮ ಬಾಯಲ್ಲೇ ಹೇಳಿ ಫೋನಿನಲ್ಲಿ ತುಂಬಿಸಿಡಿ, ಆಮೇಲೆ ಬೇಕೆಂದಾಗ ಅದರದರ ಚೌಕವನ್ನು ಒತ್ತಿದರೆ ನಿಮ್ಮ ಧ್ವನಿಯೇ ಮಾತಾಡುತ್ತದೆ ಎಂದರು.

ಒಳಕೋಣೆಯ ಬಾಗಿಲು ಹಾಕಿಕೊಂಡು ಕೂತು ಅವಳು ಹೇಳಿದಳು, ನಾನು ಒಂದೊಂದು ಚೌಕದ ಕೆಳಗೂ ಅದರ ಹೆಸರು ಒತ್ತಿದೆ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ನನ್ನದು ನಿಧಾನ. ಹಸಿವು, ನೀರು, ಅಕ್ಕಾ ಬಾ ಎಂಬಲ್ಲಿಂದ ಶುರುವಾಗಿ ಸೊಪ್ಪುಗಳ ಹೆಸರು, ಬೀದಿಯವರ ಹೆಸರು, ದೇವರ ಹೆಸರು ಎಲ್ಲ ಆಯಿತು. ಬೈಗುಳಕ್ಕೇ ಬೇರೆ ಪುಟ ಬೇಕು ಎಂದಳು. ಒಂದು ಪುಟ ಸಾಲದೆ ಇನ್ನೊಂದು ಸೇರಿಸಿದೆವು. ಇದನ್ನೆಲ್ಲ ಮತ್ತೊಂದು ಕಡೆಯೂ ಕಾಪಿ ಮಾಡಿಟ್ಟುಕೊಳ್ಳಿ ಎಂದೂ ನರ್ಸಮ್ಮ ಹೇಳಿದ್ದರು. ಇವತ್ತು ನಾಳೆ ಎಂದು ಅದು ಹಾಗೇ ಉಳಿಯಿತು. ಗಾಯ ಮಾಗಿದ ಕೂಡಲೇ ಸಿಂಗಾರಮ್ಮ ಫೋನನ್ನು ಕುತ್ತಿಗೆಗೆ ನೇತುಹಾಕಿಕೊಂಡು ಮತ್ತೆ ಮೂಲೆಗೆ ಹೋಗಿ ಕೂತಳು. ಜನ ಮೊದಲು ಬೆರಗಾದರು, ಆಮೇಲೆ ಬೈಸಿಕೊಂಡರು, ಆಮೇಲೆ ಅದು ಫೋನು ಎಂಬುದನ್ನೇ ಮರೆತರು.

ನಮ್ಮೂರಲ್ಲಿ ಜೊಂಪು ಬರುತ್ತದೆ. ಬೇರೆ ಊರುಗಳಲ್ಲಿ ಗಾಳಿ ಬಂದ ಹಾಗೆ, ಹಗಲೆನ್ನದೆ ಇರುಳೆನ್ನದೆ, ಹೊತ್ತುಗೊತ್ತಿಲ್ಲದೆ. ಬಂದಾಗ ಊರಿಗೆ ಊರೇ ಮಲಗುತ್ತದೆ. ಮನುಷ್ಯರು, ದನ, ನಾಯಿ, ಗಡಿಯಾರ, ಬೋರಿನ ಮೋಟರು, ಒಲೆಯ ಬೆಂಕಿ, ಎಲ್ಲವೂ. ಮುಗಿದಾಗ ಎದ್ದು ತಂತಮ್ಮ ಕೆಲಸಕ್ಕೆ ಹೋಗುತ್ತವೆ. ಬರುವ ಮುಂಚೆ ನೊಣಗಳು ಹಾರಾಟ ಬಿಟ್ಟು ಗೋಡೆಗೆ ಕೂರುತ್ತವೆ; ಅದೇ ನಮಗೆ ಸೂಚನೆ. ನೊಣ ಕೂತಿತೆಂದರೆ ಕ್ಷೌರದವನು ಕತ್ತಿ ಮಡಚುತ್ತಾನೆ, ಬಸ್ಸಿನವನು ರಸ್ತೆ ಬದಿಗೆ ತಂದು ನಿಲ್ಲಿಸುತ್ತಾನೆ, ಮರ ಹತ್ತಿದವರು ಸರಸರ ಇಳಿಯುತ್ತಾರೆ, ತಾಳಿ ಕಟ್ಟುವ ಹೊತ್ತಾಗಿದ್ದರೆ ಪುರೋಹಿತರು ‘ಇರಿ ಸ್ವಲ್ಪ’ ಎಂದು ಚಾಪೆ ಕೇಳುತ್ತಾರೆ. ಬಂದ ನೆಂಟರಿಗೆ ವಿಚಿತ್ರ ಅನ್ನಿಸುತ್ತದೆ. ನಮಗೆ ದಿಂಬು ಎಲ್ಲಿದೆ ಎಂಬುದಷ್ಟೇ ಯೋಚನೆ. ಹಾಲು ಬಿಡುವ ಮುಂಚೆಯೇ ಮಕ್ಕಳ ಕೈಗೆ ಬರುವ ಪಾಠ ಒಂದೇ: ನೊಣ ಕೂತರೆ ಎಲ್ಲ ಆರಿಸು. ಉರಿಯುವುದು, ತಿರುಗುವುದು, ಕುದಿಯುವುದು, ಯಾವುದೂ ನಡುವೆ ಇರಬಾರದು. ನಡುವೆ ಇದ್ದದ್ದನ್ನು ಜೊಂಪು ಹಿಡಿದರೆ ಅದು ಏಳುವಾಗ ತಡವರಿಸುತ್ತದೆ. ಹೆಪ್ಪು ಹಾಕಿದ ಹಾಲನ್ನು ಹಿಡಿದರೆ ಅದು ಆಮೇಲೆ ಹಾಲೂ ಅಲ್ಲ, ಮೊಸರೂ ಅಲ್ಲ.

ಆ ಬೆಳಿಗ್ಗೆ ಫೋನು ತಾನಾಗಿ ಒಂದು ಮಾತು ಕೇಳಿತು. ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಲೇ ಎಂದು. ಸಿಂಗಾರಮ್ಮ ಹೂಂ ಎಂದು ಒತ್ತಿದಳು. ಪರದೆಯ ಮೇಲೆ ಒಂದು ಗೆರೆ ಬಂತು, ಅದರ ಕೆಳಗೆ ‘ಮುಗಿಯುವವರೆಗೆ ಫೋನನ್ನು ಆರಿಸಬೇಡಿ’ ಎಂದು ಕನ್ನಡದಲ್ಲೇ ಬರೆದಿತ್ತು. ನಾನು ಓದಿ ಹೇಳಿದೆ. ಅವಳು ತಲೆಯಾಡಿಸಿದಳು. ಗೆರೆ ಅರ್ಧ ಬೆಳೆಯುವಷ್ಟರಲ್ಲಿ ಅಡಿಗೆಮನೆಯ ನೊಣಗಳು ಗೋಡೆಗೆ ಹೋಗಿ ಕೂತವು. ಆಮೇಲೆ ನಡೆದದ್ದೆಲ್ಲ ಕೈಗಳ ಕೆಲಸ, ತಲೆಯದಲ್ಲ. ನಾನು ಒಲೆ ಆರಿಸಿದೆ. ಅವಳು ಫ್ಯಾನು ಆರಿಸಿದಳು, ನಲ್ಲಿ ನಿಲ್ಲಿಸಿದಳು, ಫೋನಿನ ಬಟನ್ನನ್ನು ಗಟ್ಟಿಯಾಗಿ ಅದುಮಿ ಅದನ್ನೂ ಆರಿಸಿದಳು. ಸೆರಗು ಮುಖಕ್ಕೆಳೆದುಕೊಂಡು ಇಬ್ಬರೂ ನಡುಮನೆಯಲ್ಲಿ ಉರುಳಿದೆವು.

ಎದ್ದಾಗ ಒಲೆ ಹೊತ್ತಿತು, ನಲ್ಲಿ ಬಂತು, ಫ್ಯಾನು ತಿರುಗಿತು. ಫೋನು ಮಾತ್ರ ಏಳಲಿಲ್ಲ. ಬಟನ್ ಒತ್ತಿದರೆ ಕಂಪನಿಯ ಹೆಸರು ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಸಿಂಗಾರಮ್ಮ ನನ್ನ ಕಡೆ ತಿರುಗಿ ಬಾಯಿ ತೆರೆದಳು. ಬರೀ ಉಸಿರು ಬಂತು. ಆಮೇಲೆ ಬಾಯಿ ಮುಚ್ಚಲು ಅವಳಿಗೆ ತುಂಬ ಹೊತ್ತು ಹಿಡಿಯಿತು.

ಮೊಬೈಲ್ ರಿಪೇರಿಯ ದಸ್ತಗೀರನ ಅಂಗಡಿ ಬಸ್ ನಿಲ್ದಾಣದ ಪಕ್ಕ. ಅವನು ಫೋನು ಕೈಗೆ ತೆಗೆದುಕೊಂಡು ಮಗ್ಗುಲಿನ ಎರಡು ಬಟನ್ನುಗಳನ್ನು ಒಟ್ಟಿಗೆ ಒತ್ತಿ ಹಿಡಿದ. ಕಪ್ಪು ಪರದೆಯ ಮೇಲೆ ಇರುವೆ ಸಾಲಿನಂಥ ಅಕ್ಷರಗಳು ಮೂಡಿದವು.

“ಅಪ್‌ಡೇಟ್ ಆಗ್ತಿರುವಾಗ ಆರಿಸ್ಬಿಟ್ರಾ?” ಎಂದ.

“ನೊಣ ಕೂತಿತ್ತಪ್ಪ,” ಎಂದೆ.

“ಹೌದಲ್ವಾ. ನಾನಾಗಿದ್ರೂ ಆರಿಸ್ತಿದ್ದೆ.” ಅವನು ಫೋನನ್ನು ಮೇಜಿನ ಮೇಲೆ ಮೆಲ್ಲಗಿಟ್ಟ. “ಅಜ್ಜಿ, ಇದರ ಹೊಟ್ಟೇಲಿ ಈಗ ಅರ್ಧ ಹಳೇದು, ಅರ್ಧ ಹೊಸದು ಕೂತಿದೆ. ಯಾವುದಾಗಿ ಏಳ್ಬೇಕು ಅಂತ ಅದಕ್ಕೇ ಗೊತ್ತಾಗ್ತಿಲ್ಲ. ಎಲ್ಲ ಅಳಿಸಿ ಹೊಸದಾಗಿ ಕೂರಿಸಿದ್ರೆ ಒಂದು ಟೀ ಕುಡಿಯೋದ್ರಲ್ಲಿ ಎದ್ದುಬಿಡುತ್ತೆ.”

“ಅಳಿಸಿದ್ರೆ ಇವಳ ಮಾತು?”

“ಹೋಗುತ್ತೆ.”

ಸಿಂಗಾರಮ್ಮ ತಟ್ಟನೆ ಫೋನಿನ ಮೇಲೆ ಅಂಗೈ ಇಟ್ಟಳು.

“ಇನ್ನೊಂದು ದಾರಿ ಇದೆ ಸಿಂಗಾರಕ್ಕ, ಹೆದರ್ಕೋಬೇಡಿ. ಲ್ಯಾಪ್‌ಟಾಪಿಂದ ಕೇಬಲ್ ಹಾಕಿ, ಏನೂ ಅಳಿಸದೆ, ಪೂರ್ತಿ ಅಪ್‌ಡೇಟನ್ನ ಮೇಲಿಂದ ಮತ್ತೆ ಕೂರಿಸೋದು. ನಿಧಾನದ ಕೆಲಸ. ನಡುವೆ ಮಾತ್ರ ಎಲ್ಲೂ ನಿಲ್ಲಬಾರದು.”

ಶುರು ಮಾಡಿದ. ಆ ದಿನಗಳಲ್ಲಿ ಜೊಂಪು ವಿಪರೀತ. ಹೋಯಿತು ಎಂದು ಚಾಪೆ ಸುತ್ತುವಷ್ಟರಲ್ಲಿ ಮತ್ತೆ ನೊಣ ಕೂರುತ್ತಿತ್ತು. ಗೆರೆ ಕಾಲುಭಾಗ ಬೆಳೆದಿತ್ತೋ ಇಲ್ಲವೋ, ನಾವು ಮೂವರೂ ಅಂಗಡಿಯಲ್ಲೇ ಒರಗಿಕೊಂಡೆವು, ಲ್ಯಾಪ್‌ಟಾಪೂ ಮಲಗಿತು. ಮಾರನೆಯ ದಿನ ಇನ್ನೊಮ್ಮೆ ಹಾಕಿದ. ಈ ಸಲ ಮುಕ್ಕಾಲು ಬಂದಿತ್ತು, ಮತ್ತೆ ಜೊಂಪು. ಎದ್ದ ಮೇಲೆ ದಸ್ತಗೀರ ತಲೆ ಕೆರೆದುಕೊಂಡು ಕೂತ.

“ಸುಳ್ಳು ಹೇಳಲ್ಲ ಅಜ್ಜಿ. ಇನ್ನೊಂದು ಸಲ ನಡುವೆ ನಿಂತ್ರೆ ಒಳಗಿರೋದೇ ಕೆಟ್ಟುಹೋಗಬಹುದು. ಆಮೇಲೆ ಅಲ್ಲಾನೂ ತೆಗೆದುಕೊಡಲ್ಲ.”

“ಪೇಟೆಗೆ ಒಯ್ದರೆ? ಅಲ್ಲಿ ಜೊಂಪಿಲ್ಲವಲ್ಲ.”

“ಏಳದೇ ಇರೋದನ್ನ ಗಡಿ ದಾಟಿಸಿದ್ರೆ ಏನಾಗುತ್ತೆ ನಿಮಗೆ ಗೊತ್ತಿಲ್ವಾ?”

ಗೊತ್ತಿತ್ತು. ಜೊಂಪು ಹಿಡಿದ ವಸ್ತುವನ್ನು ಹಾಗೇ ಊರಾಚೆ ಒಯ್ದರೆ ಅದಕ್ಕೆ ಮತ್ತೆ ಎಚ್ಚರವೇ ಇಲ್ಲ. ಎಷ್ಟೋ ರೇಡಿಯೋಗಳು, ಒಂದು ಒಳ್ಳೆಯ ಟ್ರ್ಯಾಕ್ಟರು ಹಾಗೆ ಹೋಗಿವೆ.

ಫೋನು ತೆಗೆದುಕೊಂಡು ಮನೆಗೆ ಬಂದೆವು. ಸಿಂಗಾರಮ್ಮ ಅದನ್ನು ಕುತ್ತಿಗೆಯಿಂದ ತೆಗೆಯಲಿಲ್ಲ. ಮೂಲೆಗೆ ಹೋಗಿ ಸೊಪ್ಪು ಹರಡಿ ಕೂರುತ್ತಿದ್ದಳು. ಜನ ಬರುತ್ತಿದ್ದರು, ಮಾತಿಲ್ಲದೆ ಕಟ್ಟು ಎತ್ತಿಕೊಂಡು ಮಾತಿಲ್ಲದೆ ಹೋಗುತ್ತಿದ್ದರು. ಕೆಲವರು ಕಟ್ಟು ಬಿಚ್ಚಿ ಕೆದರಿ ನೋಡಿ, ಬೈಗುಳ ಬರಲೆಂದು ಒಂದು ಗಳಿಗೆ ಕಾದು, ನಾಚಿಕೊಂಡು ಮತ್ತೆ ಕಟ್ಟಿಡುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ನಮ್ಮಿಬ್ಬರ ನಡುವೆ ತಟ್ಟೆಯ ಸದ್ದು ಮಾತ್ರ. ಸಾರಿಗೆ ನಾನು ಬೇಕೆಂದೇ ಉಪ್ಪು ಹೆಚ್ಚು ಹಾಕಿದೆ. ಅವಳು ಸುಮ್ಮನೆ ಉಂಡಳು. ಆಗ ನನಗೆ ನಿಜವಾಗಿ ಭಯವಾಯಿತು.

ಉಪಾಯ ಹೊಳೆದದ್ದು ಎದುರುಮನೆಯ ಭಾಗೀರಥಿಯ ಜಗಲಿಯಲ್ಲಿ. ಅವಳ ಕೂಸನ್ನು ನೋಡಲು ಹೋಗಿದ್ದೆ. ನೊಣ ಕೂತವು. ಭಾಗೀರಥಿ ತೊಟ್ಟಿಲ ಹಗ್ಗ ಕೈಯಲ್ಲಿ ಹಿಡಿದವಳು ಹಾಗೇ ಗೋಡೆಗೊರಗಿ ಮಲಗಿದಳು; ತೊಟ್ಟಿಲು ನಿಲ್ಲಿಸುವುದನ್ನು ಮರೆತಿದ್ದಳು. ನನಗೂ ಕಣ್ಣು ಎಳೆಯುತ್ತಿತ್ತು. ಕಣ್ಣು ಮುಚ್ಚುವ ಮುನ್ನ ಕಂಡದ್ದು ಇಷ್ಟು: ತೊಟ್ಟಿಲು ತೂಗುತ್ತಿದೆ, ಒಳಗೆ ಕೂಸು ಕಾಲು ಬಡಿಯುತ್ತ, ಮಲಗಿದ ಊರಿನ ನಡುವೆ ತಾನೊಂದೇ ಎಚ್ಚರವಾಗಿ ಕಿಲಕಿಲ ನಗುತ್ತಿದೆ.

ಹೊಸ ಸಂಗತಿಯೇನಲ್ಲ. ತೂಗುವುದಕ್ಕೆ ಜೊಂಪು ಹತ್ತುವುದಿಲ್ಲ ಎಂದು ನಮ್ಮೂರಿನಲ್ಲಿ ಎಲ್ಲರೂ ಬಲ್ಲರು. ಅದಕ್ಕೇ ನೊಣ ಕೂತಾಗ ತಾಯಂದಿರು ತೊಟ್ಟಿಲು ನಿಲ್ಲಿಸುವುದು. ಅದಕ್ಕೇ ನಮ್ಮ ಮನೆಗಳಲ್ಲಿ ಉಯ್ಯಾಲೆಗಳು ಸದಾ ತೊಲೆಗೆ ಎತ್ತಿ ಕಟ್ಟಿರುವುದು. ಊರೆಲ್ಲ ಬಾಯಿ ತೆರೆದು, ಸೆರಗು ಜಾರಿ, ಲುಂಗಿ ಮೇಲೇರಿ ಬಿದ್ದಿರುವಾಗ ಒಬ್ಬರು ಮಾತ್ರ ಎಚ್ಚರವಾಗಿ ನೋಡುತ್ತಿರುವುದು ಸರಿಯಲ್ಲ ಎಂಬುದು ಹಿರಿಯರ ಮಾತು. ಯಾವುದಾದರೂ ಉಯ್ಯಾಲೆಯನ್ನು ಇಳಿಸಬೇಕಾದರೆ ಬೀದಿಯ ಪ್ರತಿ ಮನೆಯಿಂದಲೂ ಒಬ್ಬರು ಬಂದು ಅದರ ಗಂಟಿನ ಮೇಲೆ ಕೈಯಿಡಬೇಕು. ಒಂದು ಕೈ ಕಡಿಮೆಯಾದರೂ ಗಂಟು ಬಿಚ್ಚುವಂತಿಲ್ಲ.

ಉಯ್ಯಾಲೆಯಲ್ಲಿ ತೂಗುತ್ತಲೇ ಫೋನು ಎಬ್ಬಿಸೋಣ ಎಂದು ದಸ್ತಗೀರನಿಗೆ ಹೇಳಿದಾಗ ಅವನ ಮುಖ ಅರಳಿತು, ಆಮೇಲೆ ಬಾಡಿತು. “ಐಡಿಯಾ ಚೆನ್ನಾಗಿದೆ ಅಜ್ಜಿ. ಆದ್ರೆ ನನ್ನ ಕೂರಿಸ್ಬೇಡಿ. ಉಯ್ಯಾಲೆ ಹತ್ತಿದ್ರೆ ನನಗೆ ವಾಂತಿ ಬರುತ್ತೆ. ಲ್ಯಾಪ್‌ಟಾಪ್ ಮೇಲೆ ಬಂದ್ರೆ ನಿಮ್ಮ ಫೋನೂ ಹೋಯ್ತು, ನನ್ನ ಅಂಗಡೀನೂ ಹೋಯ್ತು.”

ಸಂಜೆ ಬೀದಿಯ ಹೆಂಗಸರು ನಮ್ಮ ಜಗಲಿಯಲ್ಲಿ ಸೇರಿದರು. ಯಾರು ಕೂರುವುದು ಎಂಬ ಮಾತು ಬಂತು.

“ಸಿಂಗಾರಿನೇ ಕೂರಲಿ. ಈಗ ಅವಳಿಗೆ ಬಾಯಿಲ್ವಲ್ಲ, ಏನು ನೋಡಿದ್ರೂ ಯಾರಿಗೆ ಹೇಳ್ತಾಳೆ?” ಎಂದಳು ಒಬ್ಬಳು.

“ಅಯ್ಯೋ ಮಂಕೆ! ಫೋನ್ ಎದ್ದ ಮೇಲೆ ಬಾಯಿ ಬರುತ್ತಲ್ಲೇ!” ಎಂದಳು ಭಾಗೀರಥಿ.

ಎಲ್ಲರೂ ನಕ್ಕರು. ಸಿಂಗಾರಮ್ಮನೂ ನಕ್ಕಳು, ಈಗ ಅವಳ ನಗೆಯಲ್ಲಿ ಭುಜ ಮಾತ್ರ ಕುಣಿಯುತ್ತದೆ.

“ಅಚ್ಚಮ್ಮಕ್ಕನೇ ಸರಿ. ಭೂಮಿ ಬಾಯ್ಬಿಟ್ರೂ ‘ಹೂಂ’ ಅಂತ ನೋಡ್ಕೊಂಡು ಸುಮ್ಮನಿರ್ತಾರೆ,” ಎಂದು ತೀರ್ಮಾನವಾಯಿತು. ನನ್ನನ್ನು ಹೊಗಳಿದರೋ ಹಂಗಿಸಿದರೋ ತಿಳಿಯಲಿಲ್ಲ. ಹೂಂ ಎಂದೆ.

ಗಂಟಿಗೆ ಕೈಯಿಡಲು ಒಪ್ಪಬೇಕಾದ ಮನೆ ಇನ್ನೊಂದು ಉಳಿದಿತ್ತು. ಪಕ್ಕದ ಮನೆಯ ಗುರುಬಸಪ್ಪ, ಸೌದೆ ಡಿಪೋದವನು. ಬಾಗಿಲೆತ್ತರದ ಆಳು, ಅದಕ್ಕೆ ತಕ್ಕ ಮೀಸೆ. ನಾನು ಹೋಗಿ ಕೇಳಿದರೆ ಬಾಗಿಲಿಗೆ ಅಡ್ಡ ನಿಂತ.

“ಆಗಲ್ಲ ಅಚ್ಚಮ್ಮಕ್ಕ. ಬೀದಿ ಈಗ ತಣ್ಣಗಿದೆ. ಆ ಬಾಯಿ ನನ್ನ ಮೀಸೇನ ಒಣಗಿದ ಸಬ್ಬಸಿಗೆ ಕಟ್ಟು ಅಂತ ಊರಿಗೆಲ್ಲ ಸಾರುತ್ತೆ. ಅದನ್ನ ಎಬ್ಬಿಸೋಕೆ ನಾನೇ ಕೈಯಿಡ್ಬೇಕಾ?”

ನಾನು ಅವನ ಜಗಲಿಯ ಮೇಲೆ ಕೂತೆ. ಅವನು ಒಳಗೆ ಹೋದ, ಬಂದ, ಮತ್ತೆ ಹೋದ. ನಾನು ಕೂತೇ ಇದ್ದೆ. ಕೊನೆಗೆ ಪಕ್ಕದಲ್ಲಿ ಬಂದು ಕುಕ್ಕರಿಸಿದ.

“ಮೀಸೆ ಮಾತಲ್ಲ ಅಕ್ಕ,” ಎಂದ. ಬೀದಿಯ ಆ ತುದಿ ಈ ತುದಿ ನೋಡಿದ. “ನಾನು ಜೊಂಪಲ್ಲಿ ಅಳ್ತೀನಿ. ಯಾಕೆ ಅಂತ ನನಗೇ ಗೊತ್ತಿಲ್ಲ. ಎದ್ದಾಗ ದಿಂಬೆಲ್ಲ ಒದ್ದೆ. ಚಿಕ್ಕವನಿದ್ದಾಗ ಹೀಗೇ ಒಬ್ಬ ಉಯ್ಯಾಲೆ ಮೇಲೆ ಎಚ್ಚರ ಇದ್ದವನು ನೋಡಿ ಊರಿಗೆಲ್ಲ ಹೇಳ್ದ. ಮೀಸೆ ಬರೋವರೆಗೂ ನನ್ನ ಹೆಸರು ಅಳುಮುಂಜಿ ಅಂತಲೇ ಇತ್ತು.”

“ಬಾಗಿಲು ಹಾಕ್ಕೊಂಡು ಒಳಗೆ ಮಲಗಪ್ಪ.”

“ಸದ್ದು ಬರುತ್ತೆ.”

ಹಿಂದೆ ಏನೋ ಸರಿದಂತಾಗಿ ಇಬ್ಬರೂ ತಿರುಗಿದೆವು. ಸಿಂಗಾರಮ್ಮ ಕಂಬದ ಪಕ್ಕ ನಿಂತಿದ್ದಳು. ಯಾವಾಗ ಬಂದಳೋ, ಎಲ್ಲ ಕೇಳಿಸಿಕೊಂಡಿದ್ದಳು. ಗುರುಬಸಪ್ಪನ ಮುಖ ಕೆಂಪಾಯಿತು.

“ಕೇಳಿಸ್ಕೊಂಡ್ಯಾ ತಾಯಿ? ಇನ್ನೇನು, ಹೋಗು, ಡಂಗುರ ಹೊಡಿ!” ಎಂದ. ಅಂದಮೇಲೆ ತಾನು ಯಾರಿಗೆ ಏನು ಅಂದೆ ಎಂದು ತಿಳಿದು ತುಟಿ ಕಚ್ಚಿಕೊಂಡ.

ಸಿಂಗಾರಮ್ಮ ಮುಂದೆ ಬಂದಳು. ಕುತ್ತಿಗೆಯಿಂದ ಫೋನು ಬಿಚ್ಚಿ ಅವನ ಕೈಯಲ್ಲಿ ಇಟ್ಟಳು. ಅವನು ಅದನ್ನು ಗೂಡಿನಿಂದ ಬಿದ್ದ ಗುಬ್ಬಿಮರಿಯ ಹಾಗೆ ಎರಡೂ ಅಂಗೈಯಲ್ಲಿ ಹಿಡಿದ. ಬಟನ್ ಒತ್ತಿದ. ಕಂಪನಿಯ ಹೆಸರು ಬಂತು, ಹೋಯಿತು. ಬಂತು, ಹೋಯಿತು. ಅವನು ತುಂಬ ಹೊತ್ತು ನೋ‍ಡುತ್ತಿದ್ದ. ಫೋನು ವಾಪಸು ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಬೆಳಿಗ್ಗೆ ನಮ್ಮ ಜಗಲಿಯ ಉಯ್ಯಾಲೆಯ ಗಂಟಿನ ಮೇಲೆ ಮೊದಲು ಬಿದ್ದ ಕೈ ಅವನದೇ. ಬೇರೆಯವರು ಇನ್ನೂ ಬರುತ್ತಿದ್ದರು. ಅವನಾಗಲೇ ತೋಳು ಚಾಚಿ ತೊಲೆಯ ಗಂಟನ್ನು ಹಿಡಿದು ನಿಂತಿದ್ದ. ಕೈಗಳೆಲ್ಲ ಸೇರಿದ ಮೇಲೆ ಭಾಗೀರಥಿ ಗಂಟು ಬಿಚ್ಚಿದಳು. ಎಷ್ಟೋ ವರ್ಷದ ಧೂಳು ನಮ್ಮೆಲ್ಲರ ತಲೆಯ ಮೇಲೆ ಉದುರಿತು. ಗುರುಬಸಪ್ಪ ತನ್ನ ಮಂಚವನ್ನೂ ತಂದು ನಮ್ಮ ಜಗಲಿಯಲ್ಲಿ, ಉಯ್ಯಾಲೆಯ ಪಕ್ಕದಲ್ಲೇ ಹಾಕಿಕೊಂಡ. ನನ್ನ ಕಿವಿಯ ಹತ್ತಿರ ಬಗ್ಗಿ, “ಕೇಳೋರು ನೀವೊಬ್ಬರೇ ಅಲ್ವಾ? ಕೇಳಿ. ಬಾಗಿಲು ಹಾಕ್ಕೊಂಡು ಹೆದರಿ ಹೆದರಿ ಸಾಕಾಗಿದೆ,” ಎಂದ.

ದಸ್ತಗೀರ ಲ್ಯಾಪ್‌ಟಾಪನ್ನು ಹಳೆಯ ಸೀರೆಯಿಂದ ಉಯ್ಯಾಲೆಯ ಮಣೆಗೆ ಬಿಗಿದು ಕಟ್ಟಿದ. ಫೋನನ್ನು ನನ್ನ ಮಡಿಲಲ್ಲಿಟ್ಟು ಕೇಬಲ್ ಸಿಕ್ಕಿಸಿದ. “ಅಜ್ಜಿ, ನೀವು ಮಾಡ್ಬೇಕಾದ್ದು ಏನೂ ಇಲ್ಲ. ಅದೇ ಕಷ್ಟ. ಗೆರೆ ಬೆಳೀತಾ ಹೋಗುತ್ತೆ. ಒಂದು ಕಡೆ ನಿಂತುಬಿಡುತ್ತೆ, ಸತ್ತೇ ಹೋಯ್ತು ಅನ್ನೋ ಹಾಗೆ. ಆಗ ಮುಟ್ಬೇಡಿ. ಬಟನ್ ಒತ್ಬೇಡಿ. ಕೇಬಲ್ ಅಲ್ಲಾಡಿಸ್ಬೇಡಿ. ತೂಗ್ತಾ ಇರಿ ಅಷ್ಟೆ.”

ಗೆರೆ ಶುರುವಾಯಿತು. ನಾನು ಬಲಗಾಲಿನ ಹೆಬ್ಬೆರಳಿನಿಂದ ನೆಲ ಒದ್ದು ತೂಗಿಕೊಂಡೆ. ಸಿಂಗಾರಮ್ಮ ಎದುರಿಗೆ ಕಂಬಕ್ಕೊರಗಿ ಕೂತು ಫೋನನ್ನೇ ನೋಡುತ್ತಿದ್ದಳು. ಎಡಗೈ ಗಂಟಲಿನ ಮೇಲಿತ್ತು. ಸ್ವಲ್ಪ ಹೊತ್ತಿಗೆ ನೊಣಗಳು ಬಂದು ಗೋಡೆಗೆ ಕೂತವು. ಬೀದಿಯಲ್ಲಿ ಸೈಕಲ್ಲುಗಳು ನಿಂತವು, ಮಿಕ್ಸಿಗಳು ನಿಂತವು, ಎಲ್ಲೋ ಅಳುತ್ತಿದ್ದ ಮಗು ನಿಂತಿತು. ಸಿಂಗಾರಮ್ಮ ಮಲಗದಿರಲು ಕಣ್ಣು ಅಗಲಿಸಿ ನೋಡಿದಳು. ಆಗಲಿಲ್ಲ, ತಲೆ ಕಂಬಕ್ಕೆ ವಾಲಿತು.

ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದೇನೆ, ಜೊಂಪನ್ನು ಕಣ್ಣು ತೆರೆದು ನೋಡಿದ್ದು ಅದೇ ಮೊದಲು. ಭಾಗೀರಥಿಯ ಮನೆಯ ಊದುಬತ್ತಿಯ ಹೊಗೆ ದಾರ ಎಳೆದಂತೆ ನೆಟ್ಟಗೆ ನಿಂತುಬಿಟ್ಟಿತ್ತು. ಯಾರೋ ಆರಿಸಲು ಮರೆತ ಒಲೆಯಲ್ಲಿ ಉರಿ ಹೂವಿನ ಎಸಳಿನ ಹಾಗೆ ಅಲುಗಾಡದೆ ಇತ್ತು. ಇಡೀ ಊರಿಗೆ ಇದ್ದದ್ದು ಒಂದೇ ಸದ್ದು, ನನ್ನ ಉಯ್ಯಾಲೆಯ ಕೊಂಡಿಯ ಕಿರ್‌ರ್ ಕಿರ್‌ರ್. ಮಲಗಿದವರನ್ನು ನೋಡಬಾರದೆಂದು ಕಣ್ಣನ್ನು ಗೆರೆಯ ಮೇಲೆ ಇಟ್ಟೆ.

ಗೆರೆ ಒಂದು ಕಡೆ ಬಂದು ನಿಂತಿತು. ದಸ್ತಗೀರ ಹೇಳಿದ್ದ ಹಾಗೇ, ಸತ್ತೇಹೋದಂತೆ. ನಾನು ತೂಗಿಕೊಂಡೆ. ಅದು ಅಲ್ಲಿಂದ ಕದಲಲಿಲ್ಲ. ಕೇಬಲ್ ಸಡಿಲವಾಯಿತೇನೋ, ಒಮ್ಮೆ ಒತ್ತಿ ನೋಡಿದರೆ ಏನು ಎಂದು ಬೆರಳು ತುರಿಸಿತು. ಬೆರಳನ್ನು ಮುಷ್ಟಿಯೊಳಗೆ ಕಟ್ಟಿಹಾಕಿದೆ. ಬೇಳೆ ಬೇಯುವಾಗ ಮುಚ್ಚಳ ತೆಗೆದು ತೆಗೆದು ನೋಡಿದರೆ ಬೇಗ ಬೇಯುತ್ತದೆಯೇ ಎಂದು ನನಗೇ ಹೇಳಿಕೊಂಡೆ. ಅಷ್ಟರಲ್ಲಿ ಮೀನಖಂಡದಲ್ಲಿ ಒಂದು ಸೆಳೆತ ಬಂತು ನೋಡಿ, ಕಾಲು ಮರದ ಕೊರಡಾಯಿತು. ನೆಲ ಒದೆಯಲು ಆಗಲೇ ಇಲ್ಲ. ಎಡಗಾಲು ಚಾಚಿದೆ, ಲ್ಯಾಪ್‌ಟಾಪ್ ಕಟ್ಟಿದ್ದ ಸೀರೆಗೆ ಸಿಕ್ಕಿ ಅದು ನೆಲಕ್ಕೆ ಎಟುಕಲಿಲ್ಲ. ತೂಗು ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಜೊಂಪು ಪಾದದಿಂದ ಮೇಲಕ್ಕೆ ಹಿತವಾಗಿ ಏರತೊಡಗಿತು. ಮೊಣಕಾಲು ಮಲಗಿತು, ಸೊಂಟ ಮಲಗಿತು. ಲ್ಯಾಪ್‌ಟಾಪಿನ ಬೆಳಕು ಮಂಕಾದದ್ದು ಕಂಡಿತು. ಎಲ್ಲ ಮುಗಿಯಿತು ಎಂದು ತಿಳಿಯಿತು, ಆದರೆ ಅದಕ್ಕೆ ದುಃಖ ಪಡುವಷ್ಟೂ ಎಚ್ಚರ ಉಳಿದಿರಲಿಲ್ಲ.

ಆಗ ಗುರುಬಸಪ್ಪ ಅತ್ತ. ಸಣ್ಣಗೆ ಅಲ್ಲ. ಅಷ್ಟು ದೊಡ್ಡ ಮನುಷ್ಯನ ಎದೆಯೊಳಗಿಂದ, ಜಾತ್ರೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ. ಆ ನಿಶ್ಶಬ್ದದಲ್ಲಿ ಅದು ನನ್ನ ಕಿವಿಯ ಪಕ್ಕದಲ್ಲೇ ಹಿತ್ತಾಳೆ ಕೊಡ ಉರುಳಿದಂತೆ ಕೇಳಿತು. ಬೆಚ್ಚಿಬಿದ್ದೆ. ಕಾಲಿಲ್ಲದಿದ್ದರೆ ಕೈಯುಂಟಲ್ಲ, ಎರಡೂ ಸರಪಳಿ ಹಿಡಿದು ಜೀವವನ್ನೆಲ್ಲ ಭುಜಕ್ಕೆ ತಂದು ಮೈಯನ್ನು ಹಿಂದಕ್ಕೆ ಎಸೆದೆ, ಮುಂದಕ್ಕೆ ಎಸೆದೆ. ಉಯ್ಯಾಲೆ ಕಿರ್‌ರ್ ಎಂದಿತು. ಇನ್ನೊಮ್ಮೆ. ಲ್ಯಾಪ್‌ಟಾಪಿನ ಬೆಳಕು ಮತ್ತೆ ಬಂತು. ಅವನು ಅಳುತ್ತಲೇ ಇದ್ದ, ನಾನು ಆ ಅಳುವಿನ ಲಯಕ್ಕೇ ತೂಗುತ್ತಲೇ ಇದ್ದೆ. ಇವನು ಹೀಗೇ ಇನ್ನಷ್ಟು ಹೊತ್ತು ಅಳಲಿ ದೇವರೇ ಎಂದು ಬೇಡಿಕೊಂಡೆ. ಒಬ್ಬರ ಅಳುವಿಗಾಗಿ ಹಾಗೆ ಬೇಡಿಕೊಂಡವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಗೆರೆ ಕದಲಿತು. ತುದಿ ಮುಟ್ಟಿತು. ಮಡಿಲಲ್ಲಿ ಫೋನು ಒಮ್ಮೆ ಝುಂ ಎಂದು ನಡುಗಿತು. ಕಂಪನಿಯ ಹೆಸರು ಬಂತು. ಇನ್ನೇನು ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ.

ಜೊಂಪು ಕಳೆದಾಗ ಮೊದಲು ನೊಣಗಳು ಎದ್ದವು. ದಸ್ತಗೀರ ಚಾಪೆಯಿಂದ ನೆಗೆದು ಬಂದು ಪರದೆ ನೋಡಿದ, ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡು ನಕ್ಕ. ಗುರುಬಸಪ್ಪ ಎದ್ದವನು ಬೆನ್ನು ತಿರುಗಿಸಿ ಅವಸರದಲ್ಲಿ ಮುಖ ಒರೆಸಿಕೊಂಡ. ಆಮೇಲೆ ನನ್ನ ಕಡೆ ನೋಡಿದ, ಕಣ್ಣಲ್ಲೇ ಕೇಳಿದ.

“ನಿನ್ನ ಅಳುವೇ ನನ್ನ ಎಬ್ಬಿಸಿದ್ದು ಕಣಪ್ಪ. ಇಲ್ದಿದ್ರೆ ನಾನೂ ಮಲಗ್ತಿದ್ದೆ, ಅದೂ ಮಲಗ್ತಿತ್ತು,” ಎಂದೆ ಅವನಿಗಷ್ಟೇ ಕೇಳುವ ಹಾಗೆ.

ಮೀಸೆ ತಿರುವಲು ಹೋದ ಅವನ ಕೈ ಅರ್ಧಕ್ಕೇ ನಿಂತಿತು.

ಸಿಂಗಾರಮ್ಮ ಫೋನು ತೆಗೆದುಕೊಂಡಳು. ಗುಟ್ಟಿನ ಅಂಕಿ ಒಮ್ಮೆ ತಪ್ಪಿತು, ಎರಡನೆಯ ಸಲ ಪರದೆ ತೆರೆಯಿತು. ಚೌಕಗಳು ಇದ್ದವು, ಸಾಲುಸಾಲಾಗಿ, ನಾನು ಒತ್ತಿದ ಹೆಸರುಗಳ ಜೊತೆಗೆ. ಅವಳು ಒಂದನ್ನು ಒತ್ತಿದಳು. ಸದ್ದಿಲ್ಲ. ಇನ್ನೊಂದು ಒತ್ತಿದಳು. ಅದೂ ಇಲ್ಲ. ಅವಳು ನನ್ನನ್ನು ನೋಡಿದಳು. ಅಂಥ ನೋಟ ಯಾರಿಗೂ ಬೇಡಪ್ಪ.

ದಸ್ತಗೀರ ಬಗ್ಗಿದ. “ಅಯ್ಯೋ ಸಿಂಗಾರಕ್ಕ, ಸೌಂಡು ಕೆಳಗೆ ಹೋಗಿದೆ ಅಷ್ಟೆ. ಅಪ್‌ಡೇಟ್ ಆದ್ರೆ ಹಾಗಾಗುತ್ತೆ. ಮೇಲೆತ್ತಿ.”

ಎತ್ತಿದಳು, ಪೂರ್ತಿ. ಒತ್ತಿದಳು.

“ಮೆಂತ್ಯಾ... ದಂಟೂ... ಎಳೇ ಹರಿವೇ... ಬರ್ರೇ ಬರ್ರೇ, ಬೇರಲ್ಲಿನ್ನೂ ಮಣ್ಣಾರಿಲ್ಲಾ...”

ಅವಳ ಧ್ವನಿ. ಗಂಟು ಮೂಡುವ ಮುಂಚಿನ, ಬೀದಿಯ ಆ ತುದಿಗೆ ತಾಗಿ ವಾಪಸು ಬರುವ ಧ್ವನಿ. ಉಯ್ಯಾಲೆಯ ಸರಪಳಿ ಹಿಡಿದಿದ್ದ ನನ್ನ ಕೈಗಳು ತಾವಾಗಿ ಸಡಿಲವಾದವು. ದಸ್ತಗೀರ ಈಗಿಂದೀಗಲೇ ಕಾಪಿ ಮಾಡಿಟ್ಟುಬಿಡೋಣ, ಕೊಡಿ ಎಂದು ಕೈ ಚಾಚಿದ. ಅವಳು ಕೊಡಲಿಲ್ಲ. ಇನ್ನೊಮ್ಮೆ ಒತ್ತಿದಳು. ಇನ್ನೊಮ್ಮೆ.

ಆಗ ಬಾಗಿಲುಗಳು ತೆರೆದವು. ಆ ತುದಿಯ ಮನೆಗಳ ಹೆಂಗಸರಿಗೆ ಫೋನು ಎದ್ದದ್ದು ಇನ್ನೂ ಗೊತ್ತಿಲ್ಲ. ಕೂಗು ಕೇಳಿದ್ದೇ ತಡ, ಜೊಂಪಿನಿಂದ ಎದ್ದ ಕೆದರಿದ ತಲೆಯಲ್ಲೇ ಮೊರ, ಬುಟ್ಟಿ, ತಟ್ಟೆ, ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಅಭ್ಯಾಸದಂತೆ ಹೊರಗೆ ಬಂದುಬಿಟ್ಟರು. ನಮ್ಮ ಜಗಲಿಯ ಮುಂದೆ ಬಂದು ನಿಂತ ಮೇಲೆ ಅವರಿಗೆ ಅರ್ಥವಾಯಿತು. ಒಬ್ಬಳು ಮೊರವನ್ನು ಎದೆಗವುಚಿಕೊಂಡು ಅತ್ತಳು. ಇನ್ನೊಬ್ಬಳು, “ಅದೆಲ್ಲ ಇರಲಿ, ಸೊಪ್ಪೆಲ್ಲೇ?” ಎಂದಳು.

ಸೊಪ್ಪಿರಲಿಲ್ಲ. ಅವತ್ತು ಅವಳು ತೋಟಕ್ಕೆ ಹೋಗಿಯೇ ಇರಲಿಲ್ಲ. ಸಿಂಗಾರಮ್ಮ ಒಂದು ಗಳಿಗೆ ಯೋಚಿಸಿ ಅಡಿಗೆಮನೆಗೆ ನುಗ್ಗಿದಳು. ರಾತ್ರಿಯ ಹುಳಿಗೆಂದು ನಾನು ತೊಳೆದು ಸೋಸಿ ಇಟ್ಟಿದ್ದ ದಂಟಿನ ಸೊಪ್ಪನ್ನು ಎತ್ತಿಕೊಂಡು ಬಂದು ಒಬ್ಬೊಬ್ಬರ ಬುಟ್ಟಿಗೂ ನಾಲ್ಕು ನಾಲ್ಕು ಕಡ್ಡಿ ಹಾಕುತ್ತ ಹೋದಳು. ಬಲಗೈಯಲ್ಲಿ ಸೊಪ್ಪು, ಎಡಗೈಯಲ್ಲಿ ಫೋನು. ಹೆಬ್ಬೆರಳು ಚೌಕದ ಮೇಲಿಂದ ಏಳಲೇ ಇಲ್ಲ.

“ಸಾಕು ಮಾರಾಯ್ತಿ, ಸೊಪ್ಪು ಮುಗೀತು. ಸುಮ್ನೆ ಯಾಕೆ ಕೂಗ್ತೀಯ?” ಎಂದೆ.

ಅವಳು ಕೇಳಿಸಿದರೂ ಕೇಳಿಸದವಳ ಹಾಗೆ, ಖಾಲಿ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮತ್ತೆ ಒತ್ತಿದಳು.